ಎದೆ ಪರೀಕ್ಷೆ: ಬೆರಳು ಎಲ್ಲಿಡಬೇಕು, ಯಾವಾಗ ಆಸ್ಪತ್ರೆಗೆ ಹೋಗಬೇಕು

ಎದೆಯಲ್ಲಿ ಕ್ಯಾನ್ಸರ್ ಗುರುತು ಇದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಲು ಮೊದಲು ದಿನ ಗೊತ್ತುಮಾಡಿಕೊಳ್ಳಿ. ಮುಟ್ಟು ಶುರುವಾದ ದಿನದಿಂದ ಎಣಿಸಿ 7ರಿಂದ 10ನೇ ದಿನದೊಳಗೆ ನೋಡಿಕೊಳ್ಳುವುದು ಒಳ್ಳೆಯದು. ಮುಟ್ಟಿಗೆ ಮುಂಚಿನ ವಾರ ಎದೆ ಬಿಗಿದು ಎಲ್ಲ ಕಡೆಯೂ ಗಂಟುಗಂಟು ಅನಿಸುತ್ತದೆ. ಆಗ ನೋಡಿದರೆ ಸುಮ್ಮನೆ ಗಾಬರಿ. ಮುಟ್ಟು ನಿಂತವರು ತಿಂಗಳಿಗೊಂದು ತಾರೀಕು ಇಟ್ಟುಕೊಂಡರಾಯಿತು, ಕರೆಂಟ್ ಬಿಲ್ ಕಟ್ಟುವ ದಿನವಾದರೂ ಸರಿ.

ಕನ್ನಡಿ ಮುಂದೆ ರವಿಕೆ ತೆಗೆದು ನಿಲ್ಲಿ. ಕೈ ಇಳಿಬಿಟ್ಟು ಒಮ್ಮೆ, ಮೇಲೆತ್ತಿ ಒಮ್ಮೆ, ಸೊಂಟದ ಮೇಲೆ ಕೈಯೂರಿ ಗಟ್ಟಿಯಾಗಿ ಒತ್ತಿ ಒಮ್ಮೆ ನೋಡಿ. ಈ ಮೂರನೆಯದನ್ನು ಬಿಟ್ಟುಬಿಡುವವರೇ ಹೆಚ್ಚು. ಎದೆಯ ಸ್ನಾಯು ಬಿಗಿದರೆ, ಒಳಗೆ ಎಳೆದುಕೊಂಡ ಚರ್ಮದ ಗುಳಿ ಎದ್ದು ಕಾಣುತ್ತದೆ. ಒಂದು ಎದೆ ಸ್ವಲ್ಪ ದೊಡ್ಡದಿರುವುದು, ಮೊದಲಿನಿಂದಲೂ ತೊಟ್ಟು ಒಳಗಿರುವುದು ರೋಗವಲ್ಲ. ಇತ್ತೀಚೆಗೆ ಒಳಸೇರಿದ ತೊಟ್ಟು, ಕಿತ್ತಳೆ ಸಿಪ್ಪೆಯಂಥ ಚರ್ಮ, ತೊಟ್ಟಿನ ಮೇಲೆ ವಾಸಿಯಾಗದ ಕಜ್ಜಿ, ಹಿಂಡದೆ ತಾನಾಗಿ ಒಸರುವ ರಕ್ತ, ಇವು ಕಂಡರೆ ತಡಮಾಡಬೇಡಿ.

ಆಮೇಲೆ ಮಲಗಿಕೊಳ್ಳಿ. ಬಲ ಎದೆ ನೋಡುವಾಗ ಬಲ ಭುಜದಡಿ ಮಡಚಿದ ಟವೆಲ್ ಇಟ್ಟು, ಬಲಗೈಯನ್ನು ತಲೆಯ ಹಿಂದೆ ಹಾಕಿ. ಹೀಗೆ ಮಲಗಿದರೆ ಎದೆ ಪಕ್ಕೆಲುಬಿನ ಮೇಲೆ ಹರಡಿ ತೆಳ್ಳಗಾಗುತ್ತದೆ. ಎಡಗೈಯ ನಡುವಿನ ಮೂರು ಬೆರಳು ಸಾಕು. ತುದಿಯಿಂದಲ್ಲ, ಮೆತ್ತನೆ ಭಾಗದಿಂದ ಒತ್ತಿ. ಒಂದು ರೂಪಾಯಿ ನಾಣ್ಯದಷ್ಟಗಲ ಸುತ್ತಿಸಿ, ಅದೇ ಜಾಗದಲ್ಲಿ ಮೂರು ಸಲ: ಹಗುರವಾಗಿ, ಸ್ವಲ್ಪ ಒತ್ತಿ, ಕೊನೆಗೆ ಪಕ್ಕೆಲುಬು ತಾಕುವಷ್ಟು. ಬೆರಳೆತ್ತದೆ ಜಾರಿಸುತ್ತ, ಹೊಲಕ್ಕೆ ಸಾಲು ಹೊಡೆದ ಹಾಗೆ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹೋಗಿ. ಕಂಕುಳಿಂದ ಎದೆಯ ನಡುಮೂಳೆವರೆಗೆ, ಕೊರಳ ಕೆಳಗಿನ ಎಲುಬಿನಿಂದ ಬ್ರಾ ಪಟ್ಟಿಯ ಕೆಳಗಿನವರೆಗೆ. ಕಂಕುಳ ಕಡೆಯ ಮೇಲ್ಭಾಗದಲ್ಲೇ ಕ್ಯಾನ್ಸರ್ ಹೆಚ್ಚು. ಅವಸರದಲ್ಲಿ ಬಿಟ್ಟುಹೋಗುವುದೂ ಅದೇ. ಹೆಬ್ಬೆರಳು ಸೇರಿಸಿ ಚಿವುಟಿ ಹಿಡಿಯಬೇಡಿ, ಹಾಗೆ ಹಿಡಿದರೆ ಆರೋಗ್ಯವಾದ ಎದೆಯೂ ಗಂಟಿನಂತೆಯೇ ಸಿಗುತ್ತದೆ. ಅನುಮಾನ ಬಂದರೆ ಇನ್ನೊಂದು ಎದೆಯ ಅದೇ ಜಾಗ ಮುಟ್ಟಿ ಹೋಲಿಸಿ.

ಗಂಟು ಸಿಕ್ಕರೆ, ತೊಟ್ಟನ್ನು ಗಡಿಯಾರದ ನಡುಬಿಂದು ಎಂದುಕೊಂಡು, ಜಾಗವನ್ನು ಗಂಟೆಯ ಲೆಕ್ಕದಲ್ಲಿ ಬರೆದಿಟ್ಟುಕೊಳ್ಳಿ: ‘ಬಲ ಎದೆ, 10 ಗಂಟೆ’. ಬಹಳಷ್ಟು ಗಂಟುಗಳು ಕ್ಯಾನ್ಸರ್ ಅಲ್ಲ. ಆದರೆ ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ಮೊದಮೊದಲು ನೋಯುವುದಿಲ್ಲ, ‘ನೋವಿಲ್ಲವಲ್ಲ’ ಎಂದು ಮನೆಯಲ್ಲಿ ಕೂತುಬಿಡುವುದೇ ದೊಡ್ಡ ತೊಂದರೆ.

ಇಷ್ಟಾದರೂ ಬರೀ ನಿಮ್ಮ ಕೈಯನ್ನೇ ನಂಬಬೇಡಿ. ಶಾಂಘೈಯಲ್ಲಿ 2,66,000ಕ್ಕೂ ಹೆಚ್ಚು ಜವಳಿ ಕಾರ್ಮಿಕ ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ ಸ್ವಯಂ ಪರೀಕ್ಷೆ ಕಲಿಸಿದ್ದರಿಂದ ಎದೆ ಕ್ಯಾನ್ಸರ್ ಸಾವು ಕಡಿಮೆಯಾಗಲಿಲ್ಲ. ಮುಂಬೈಯ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರ ಕೈಯಿಂದ 2 ವರ್ಷಕ್ಕೊಮ್ಮೆ ಎದೆ ಮುಟ್ಟಿ ಪರೀಕ್ಷೆ ಮಾಡಿಸಿ 20 ವರ್ಷ ಗಮನಿಸಿದಾಗ, 50 ದಾಟಿದವರಲ್ಲಿ ಈ ಕ್ಯಾನ್ಸರ್‌ನ ಸಾವು ಸುಮಾರು ಶೇ 30ರಷ್ಟು ಇಳಿದಿತ್ತು. ಸರ್ಕಾರಿ ಕಾರ್ಯಕ್ರಮದಲ್ಲಿ 30 ದಾಟಿದ ಹೆಂಗಸರಿಗೆ ಈ ಕೈಪರೀಕ್ಷೆ ಉಚಿತ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.

ಮ್ಯಾಮೊಗ್ರಾಂಗೆ (ಎದೆಯ ಎಕ್ಸ್-ರೇಗೆ) ಹೋಗುವ ದಿನ ಸೀರೆ-ರವಿಕೆಯೋ ಚೂಡಿದಾರವೋ ಇರಲಿ. ನೈಟಿಯಾದರೆ ಪೂರ್ತಿ ಕಳಚಬೇಕಾಗುತ್ತದೆ. ಕಂಕುಳಿಗೆ ಪೌಡರ್, ಡಿಯೋಡರೆಂಟ್ ಬೇಡ, ಅದರ ಕಣಗಳು ಚಿತ್ರದಲ್ಲಿ ಸುಣ್ಣದ ಚುಕ್ಕೆಗಳಂತೆ ಕಾಣಬಹುದು. ತಾಳಿ ಸರ ತೆಗೆಯಲು ಮನಸ್ಸಿಲ್ಲದಿದ್ದರೆ ಬೆನ್ನಿಗೆ ಸರಿಸಿಕೊಳ್ಳುತ್ತೇನೆಂದು ತಂತ್ರಜ್ಞೆಗೆ ಮೊದಲೇ ಹೇಳಿ. ಪ್ರತಿ ಎದೆಗೆ 2 ಚಿತ್ರ, ಒಂದೊಂದಕ್ಕೂ ಕೆಲವೇ ಸೆಕೆಂಡು ಒತ್ತುತ್ತಾರೆ. ಹಳೆಯ ಫಿಲ್ಮ್ ಇದ್ದರೆ ಒಯ್ಯಿರಿ, ಹೋಲಿಸಲು ಬೇಕು. ಎಳೆ ವಯಸ್ಸಿನವರ ಎದೆ ದಟ್ಟವಾಗಿರುವುದರಿಂದ ಅವರಿಗೆ ಸಾಮಾನ್ಯವಾಗಿ ಮೊದಲು ಅಲ್ಟ್ರಾಸೌಂಡ್.

ವರದಿಯಲ್ಲಿ ಬೈರಾಡ್ಸ್ ಎಂಬ ಅಂಕಿ ನೋಡಿ, ಕ್ಯಾನ್ಸರ್ ಅನುಮಾನ ಎಷ್ಟಿದೆ ಎಂದು ಹೇಳುವ ದರ್ಜೆ ಅದು. 0 ಎಂದರೆ ‘ಏನೂ ಇಲ್ಲ’ ಅಲ್ಲ, ಇನ್ನಷ್ಟು ಚಿತ್ರ ಬೇಕು ಎಂದು. 1, 2 ಆದರೆ ಚಿಂತೆಯಿಲ್ಲ. 3ಕ್ಕೆ ಸಾಮಾನ್ಯವಾಗಿ 6 ತಿಂಗಳಿಗೆ ಮತ್ತೆ ನೋಡುತ್ತಾರೆ. 4, 5 ಬಂದರೆ ಸೂಜಿ ಪರೀಕ್ಷೆ, ಅಂದರೆ ಸೂಜಿಯಿಂದ ಗಂಟಿನ ಚೂರು ತೆಗೆದು ನೋಡುವುದು (ಬಯಾಪ್ಸಿ). ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತಿಗೆ ಕಿವಿಗೊಡಬೇಡಿ. ವರದಿ ಶುದ್ಧವಾಗಿದ್ದು ಬೆರಳಿಗೆ ಮಾತ್ರ ಗಂಟು ಸಿಗುತ್ತಿದ್ದರೆ, ಬರೆದಿಟ್ಟ ‘10 ಗಂಟೆ’ ಚೀಟಿಯನ್ನು ವೈದ್ಯರ ಮುಂದಿಟ್ಟು, ಈ ಗಂಟು ಏನು ಎಂದು ತಿಳಿಯುವವರೆಗೆ ಎದ್ದು ಬರಬೇಡಿ.