ತೀರಿಕೊಂಡವರ ಬಟ್ಟೆಯಿಂದ ಎಲ್ಲರೂ ಸೇರಿ ಕೌದಿ ಹೊಲಿಯೋದು ಹೇಗೆ

ಮನೇಲಿ ಯಾರಾದ್ರೂ ತೀರಿಕೊಂಡ್ರೆ ಅವರ ಬಟ್ಟೆ ಬೀರುನಲ್ಲೇ ಉಳಿದುಬಿಡುತ್ತೆ, ಯಾರಿಗಾದ್ರೂ ಕೊಡೋಕೆ ಮನಸ್ಸು ಬರಲ್ಲ, ತೆಗೆದು ನೋಡೋಕೂ ಆಗಲ್ಲ. ಇಂಥ ನೋವಲ್ಲಿರೋ ಐದಾರು ಜನ ಸೇರಿ ಒಂದು ಕೌದಿ ಹೊಲಿಯೋಕೆ ಕೂತ್ಕೊಳ್ಳಿ. ಟೈಲರಿಂಗ್ ಬರಬೇಕಿಲ್ಲ, ಸೂಜಿಗೆ ದಾರ ಪೋಣಿಸೋಕೆ ಬಂದ್ರೆ ಸಾಕು.

ಕತ್ತರಿ ಮುಟ್ಟೋ ಮುಂಚೆ ಕೌದಿ ಕೊನೆಗೆ ಯಾರ ಹತ್ರ ಇರುತ್ತೆ ಅಂತ ಮಾತಾಡ್ಕೊಂಡುಬಿಡಿ, ಆಮೇಲೆ ನೋಡೋಣ ಅಂದ್ರೆ ಮನಸ್ತಾಪ ಆಗುತ್ತೆ. ಮನೆಯವರನ್ನೆಲ್ಲ ಕೇಳಿ, ಇಡೀ ಬಟ್ಟೇದು ಫೋಟೋ ತೆಗೆದಿಟ್ಕೊಳ್ಳಿ. ಒಂದು ಬಟ್ಟೆ ಮಾತ್ರ ಒಗೀದೆ ಹಾಗೇ ಎತ್ತಿಡಿ, ಅವರ ವಾಸನೆ ಅದ್ರಲ್ಲಿರುತ್ತೆ.

ಚೌಕ 12 ಇಂಚು ಬರಬೇಕಂದ್ರೆ 13 ಇಂಚು ಕತ್ತರಿಸಿ, ನಾಲ್ಕೂ ಕಡೆ ಅರ್ಧರ್ಧ ಇಂಚು ಹೊಲಿಗೆಗೆ ಹೋಗುತ್ತೆ. ಟೀ ಶರ್ಟ್ ಬಟ್ಟೆ ಎಳೆಯುತ್ತೆ, ಅದರ ಹಿಂದೆ ಇಸ್ತ್ರಿ ಮಾಡಿದ್ರೆ ಅಂಟ್ಕೊಳ್ಳೋ ತೆಳು ಬಟ್ಟೆ ಹಾಕ್ಕೊಳ್ಳಿ. ಪೆನ್ನಿನ ಇಂಕು ಸೋರಿ ಕಲೆಯಾದ ಜೇಬು, ಒಂದು ಗುಂಡಿ ಮಾತ್ರ ಬೇರೆ ಬಣ್ಣದ್ದಿರೋ ಪಟ್ಟಿ, ಇಂಥವನ್ನ ದಯವಿಟ್ಟು ಬಿಸಾಕ್ಬೇಡಿ, ಅವರು ಇರೋದೇ ಅಲ್ಲಿ.

ಏಡ್ಸ್‌ನಿಂದ ಸತ್ತವರ ನೆನಪಿಗೆ 1987ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದ ಏಡ್ಸ್ ಮೆಮೋರಿಯಲ್ ಕ್ವಿಲ್ಟ್ ಅನ್ನೋ ದೊಡ್ಡ ಕೌದಿಯ ಫೋಟೋಗಳನ್ನ ನೋಡಿ. ಒಂದೊಂದು ತುಂಡೂ 3 ಅಡಿ ಅಗಲ 6 ಅಡಿ ಉದ್ದ, ಅಂದ್ರೆ ಹೆಚ್ಚುಕಮ್ಮಿ ಒಂದು ಸಮಾಧಿಯಷ್ಟು. ಅದೇ ವರ್ಷ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಹಾಸಿದಾಗ 1,920 ತುಂಡು ಇದ್ವು, ಈಗ ಸುಮಾರು 50,000 ಇವೆ. ಬಹಳಷ್ಟನ್ನ ಮಾಡಿದ್ದು ಸ್ನೇಹಿತರು, ಮನೆಯವರು, ಜೊತೆಗಾರರು. ತೀರಿಕೊಂಡವರ ಹೆಸರು ಅದ್ರಲ್ಲಿ ದೊಡ್ಡದಾಗಿ ಕಾಣುತ್ತೆ, ನೀವೂ ನಿಮ್ಮವರ ಹೆಸರು ಬರೀರಿ.

ಕೂತಾಗ ಒಬ್ಬೊಬ್ಬರೇ ನಿಮ್ಮ ಕಥೆ ಹೇಳಿ ಅಂತ ಸರದಿ ಹಚ್ಬೇಡಿ. ಕಣ್ಣು ಸೂಜಿ ಮೇಲಿದ್ರೆ ಎದುರಿಗಿರೋರ ಮುಖ ನೋಡೋ ಕಷ್ಟ ಇರಲ್ಲ, ಅದಕ್ಕೇ ಎಷ್ಟೋ ದಿನದಿಂದ ಬಾಯಿಗೆ ಬರದ ಮಾತು ಅಲ್ಲಿ ತಾನಾಗೇ ಬರುತ್ತೆ, ಬರದಿದ್ರೂ ಸರಿ, ಸುಮ್ನೆ ಹೊಲೀಲಿ. ಯಾರಾದ್ರೂ ಅತ್ರೆ "ಅಳ್ಬೇಡಿ, ಧೈರ್ಯ ತಗೊಳ್ಳಿ" ಅನ್ನೋಕೆ ಹೋಗ್ಬೇಡಿ, ಪಕ್ಕದಲ್ಲಿರಿ, ನೀರು ಕೊಡಿ. ಬೇರೆಯವರ ಸೊಟ್ಟ ಹೊಲಿಗೆ ಬಿಚ್ಚಿ ನೀಟಾಗಿ ಹಾಕಿಕೊಡೋದು ನನ್ನ ಪ್ರಕಾರ ದೊಡ್ಡ ತಪ್ಪು, ಅದು ಅವರ ಕೈ, ಹಾಗೇ ಇರಲಿ.

ಬದುಕೋದೇ ಬೇಡ ಅನ್ನೋ ಮಾತು ಯಾರಿಂದಾದ್ರೂ ಬಂದ್ರೆ ಹೊಲಿಗೆ ಬದಿಗಿಟ್ಟು ಅವತ್ತೇ ಜೊತೇಲಿ ಹೋಗಿ ಡಾಕ್ಟರಿಗೆ ತೋರಿಸಿ, ಒಂಟಿಯಾಗಿ ಬಿಡ್ಬೇಡಿ.

ಮಧ್ಯದಲ್ಲಿ ಬರೋದು ನಿಲ್ಲಿಸೋರೂ ಇರ್ತಾರೆ. ಅವರ ತುಂಡನ್ನ ಅವರನ್ನ ಕೇಳದೆ ಬೇರೆಯವರು ಮುಗಿಸ್ಬಾರ್ದು. ಸ್ವಲ್ಪ ದಿನ ಬಿಟ್ಟು ಫೋನ್ ಮಾಡಿ, ಬರ್ತೀರಾ ಇಲ್ಲಾ ಮನೆಗೇ ತಂದುಕೊಡ್ಲಾ ಅಂತ ಕೇಳಿ.