ಇಳಕಲ್ ಸೀರೆ ಅಂಗಡಿಗೆ ಕಥೆ ಹುಡುಕಿದ್ದು ಹೀಗೆ

ಸಣ್ಣ ವ್ಯಾಪಾರಿಗಳಿಗೆ ಪ್ರಚಾರದ ಬರಹ, ವಿಡಿಯೊ ಮಾಡಿಕೊಡುವುದು ನನ್ನ ಕೆಲಸ. ಬಾಗಲಕೋಟೆ ಜಿಲ್ಲೆಯ ಇಳಕಲ್‌ನ ಸೀರೆ ವ್ಯಾಪಾರಿಯೊಬ್ಬರು ಕರೆಸಿದಾಗ ಅವರ ಕೈಯಲ್ಲಿ ಆಗಲೇ ಒಂದು ಪಾಂಪ್ಲೆಟ್ ಇತ್ತು. ‘ಶತಮಾನಗಳ ಪರಂಪರೆ’, ‘ಅಪ್ಪಟ ಗುಣಮಟ್ಟ’. ಸುಳ್ಳೇನಲ್ಲ. ಆದರೆ ಅಂಗಡಿ ಹೆಸರು ತೆಗೆದು ಬೆಲ್ಲದ ವ್ಯಾಪಾರಿಗೆ ಕೊಟ್ಟರೂ ನಡೆಯುತ್ತಿತ್ತು, ಅಲ್ವಾ?

ಅಂಗಡಿ ಬಿಟ್ಟು ಮಗ್ಗದ ಹತ್ತಿರ ಹೋಗಿ ಕೂತೆ. ನಾನು ಎಲ್ಲರಿಗೂ ಕೇಳುವ ಪ್ರಶ್ನೆ ಒಂದಿದೆ: ಯಾವ ಕೆಲಸ ತಪ್ಪಿದರೆ ಇಡೀ ಮಾಲು ಕೆಡುತ್ತೆ? ನೇಕಾರರು ಯೋಚನೆಯನ್ನೇ ಮಾಡಲಿಲ್ಲ. ‘ಕೊಂಡಿ ರೀ’ ಅಂದರು.

ಸಾಂಪ್ರದಾಯಿಕ ಇಳಕಲ್ ಸೀರೆಯಲ್ಲಿ ಮೈಯ ಹಾಸು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹೂಡುವ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಮೈಗೆ ಹತ್ತಿ ನೂಲು, ಸೆರಗಿಗೆ ರೇಷ್ಮೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕುಣಿಕೆ ಹಾಕಿ ಕೂಡಿಸುತ್ತಾರೆ. ಅದೇ ಕೊಂಡಿ. ಹಾಗಾಗಿ ಉದ್ದದ ಹಾಸು ಹೂಡಿ, ಸಾಲಾಗಿ ನೇಯ್ದು ಕತ್ತರಿಸುವ ಹಾಗಿಲ್ಲ. ಒಂದೊಂದು ಸೀರೆಗೂ ಅದರದೇ ಹಾಸು ಬೇಕು. ಬೆಲೆ ಯಾಕೆ ಜಾಸ್ತಿ ಅನ್ನೋದಕ್ಕೆ ಉತ್ತರವೂ ಇಲ್ಲೇ ಸಿಕ್ಕಿತು.

ವಿಡಿಯೊದಲ್ಲಿ ಇದೊಂದನ್ನೇ ತೋರಿಸಿದೆ. ಎಳೆ ಕೂಡಿಸುವ ಬೆರಳುಗಳು, ಮಗ್ಗದ ಸದ್ದು, ಕೊನೆಗೆ ಕೆಂಪು ಸೆರಗಿನ ಮೇಲಿನ ಬಿಳಿ ಟೋಪ್ ತೆನಿ ವಿನ್ಯಾಸ. ಹಿನ್ನೆಲೆ ಸಂಗೀತ ಹಾಕಲಿಲ್ಲ. ಮಾತು ಮಾಲೀಕರದೇ. ಕ್ಯಾಮೆರಾ ಕಂಡ ಕೂಡಲೇ ಅವರು ‘ಸದರಿ ಸೀರೆಯು’ ಅಂತ ಶುರು ಮಾಡಿದರು. ನಿಮ್ಮ ಅಕ್ಕನಿಗೆ ಹೇಳೋ ಹಾಗೆ ಹೇಳಿ ಅಂದೆ. ‘ಮೈ ಹತ್ತೀದು, ಸೆರಗು ರೇಷ್ಮೀದು. ಎರಡನ್ನೂ ಇಲ್ಲೇ ಕೂಡಸ್ತೀವ್ರಿ’ ಅಂದರು. ಅಷ್ಟು ಸಾಕಾಯಿತು. ಬಸ್ಸಿನಲ್ಲಿ ಸೌಂಡ್ ಇಲ್ಲದೆ ನೋಡುವವರಿಗಾಗಿ ಅದೇ ಮಾತನ್ನು ಕೆಳಗೆ ಬರೆದೆ, ಅವರ ಭಾಷೆಯಲ್ಲೇ.

ಪತ್ರಿಕೆಗೆ ಕಳಿಸಿದ್ದು ಒಂದೇ ಪುಟ. ಮೊದಲ ಸಾಲಿನಲ್ಲೇ ಕೊಂಡಿ. ಇಳಕಲ್ ಸೀರೆಗಿರುವ ಜಿಐ (ಭೌಗೋಳಿಕ ಗುರುತು) ಮಾನ್ಯತೆಯ ವಿಷಯ ಹಾಕಿದೆ, ಯಾರು ಬೇಕಾದರೂ ಪರೀಕ್ಷಿಸಬಹುದಲ್ಲ. ‘8ನೇ ಶತಮಾನದಿಂದ’ ಅಂತ ಸೇರಿಸಲೇಬೇಕೆಂದು ಮಾಲೀಕರು ಹಟ ಹಿಡಿದರು. ವರದಿಗಾರ ದಾಖಲೆ ಕೇಳಿದರೆ ಕೌಂಟರ್‌ನಲ್ಲಿ ನಿಂತ ಹುಡುಗ ಏನು ಹೇಳಬೇಕು? ತೆಗೆಸಿದೆ. ಶ್ರಾವಣದ ರಿಯಾಯಿತಿಯ ಸಾಲನ್ನೂ ತೆಗೆದೆ. ಅದು ಜಾಹೀರಾತು, ದುಡ್ಡು ಕೊಟ್ಟೇ ಹಾಕಿಸಬೇಕು. ಸುದ್ದಿಯೊಳಗೆ ತುರುಕಿದರೆ ವರದಿಗಾರರು ಎರಡನ್ನೂ ಬದಿಗಿಡುತ್ತಾರೆ. ಫೋಟೊದಲ್ಲೂ ಅಂಗಡಿಯ ಬೋರ್ಡ್ ಬೇಡ, ನೇಕಾರರ ಕೈ ಇರಲಿ ಅಂದೆ. ಅವರನ್ನು ಕೇಳಿಯೇ ತೆಗೆದದ್ದು.

ವಿಡಿಯೊ ಓಡಾಡಿದ ಮೇಲೆ ‘ಇದೇ ಸೀರೆ ಅರ್ಧ ರೇಟಿಗೆ ಸಿಗುತ್ತೆ’ ಅನ್ನುವ ಮೆಸೇಜುಗಳೂ ಬಂದವು. ಮಾಲೀಕರಿಗೆ ಸಿಟ್ಟು. ಜಗಳ ಬೇಡ, ನೂಲಿನ ಮಾತಾಡಿ ಅಂತ ಒಂದು ಮಾದರಿ ಉತ್ತರ ಬರೆದುಕೊಟ್ಟೆ. ಈಗ ಉತ್ತರಿಸುವವರು ಅವರ ಸೊಸೆ. ನನ್ನದಕ್ಕಿಂತ ಚಿಕ್ಕದಾಗಿ ಬರೆಯುತ್ತಾರೆ: ‘ಅದು ಕೈಮಗ್ಗದ್ದೋ ಪವರ್‌ಲೂಮಿಂದೋ, ನೂಲು ಯಾವುದು, ಒಮ್ಮೆ ಕೇಳಿ ನೋಡ್ರಿ.’