ರಂಟೆಯಲ್ಲ, ಕುಂಟೆ: ಕಡಿಮೆ ಡೋಸ್‌ನ ಸ್ಟೆಮ್ ಸೆಲ್ ಕಸಿ ಹೇಗೆ ಮಾಡುತ್ತಾರೆ?

ರಂಟೆ ಹೊಡೆಯೋದು ಬೇರೆ, ಕುಂಟೆ ಹೊಡೆಯೋದು ಬೇರೆ. ಗದಗ ಕಡೆಯ ಎರೆಹೊಲದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ರಂಟೆ ಆಳಕ್ಕೆ ಉಳುತ್ತದೆ, ಕುಂಟೆ ಮೇಲ್ಮಣ್ಣಷ್ಟೇ ಕೆದಕುತ್ತದೆ. ರಕ್ತದ ಕ್ಯಾನ್ಸರ್‌ಗೆ ದಾನಿಯ ಸ್ಟೆಮ್ ಸೆಲ್ (ರಕ್ತ ಹುಟ್ಟಿಸುವ ಮೂಲ ಜೀವಕೋಶ) ಹಾಕುವ ಮುಂಚೆ ಮೈಯನ್ನು ಹದ ಮಾಡುವುದರಲ್ಲೂ ಹೀಗೆ ಎರಡು ಬಗೆ. ಕೀಮೋ ಔಷಧಿಯ ಪೂರ್ತಿ ಡೋಸ್ ಕೊಟ್ಟರೆ ಹಳೆಯ ಅಸ್ಥಿಮಜ್ಜೆ ಬುಡಸಮೇತ ಹೋಗುತ್ತದೆ. ಅರವತ್ತು ದಾಟಿದವರು, ಹೃದಯವೋ ಕಿಡ್ನಿಯೋ ಸೋತವರು ಅದನ್ನು ತಾಳುವುದು ಕಷ್ಟ. ಅಂಥವರಿಗೆ ಕಡಿಮೆ ಡೋಸ್.

ಮೊದಲು ಎಚ್‌ಎಲ್‌ಎ (ಜೀವಕೋಶಗಳ ಮೇಲಿನ ಗುರುತು) ಹೊಂದುವ ದಾನಿ ಬೇಕು. ಒಡಹುಟ್ಟಿದ ಒಬ್ಬೊಬ್ಬರೂ ಪೂರ್ತಿ ಹೊಂದುವ ಸಾಧ್ಯತೆ 25%. ಸಿಗದಿದ್ದರೆ ಅರ್ಧ ಹೊಂದುವ ಮಗನೋ ಮಗಳೋ ಆಗಬಹುದು. ರಕ್ತದ ಗುಂಪು ಬೇರೆಯಾದರೂ ನಡೆಯುತ್ತದೆ. ದಾನಿಗೆ ನಾಲ್ಕೈದು ದಿನ ಇಂಜೆಕ್ಷನ್ ಕೊಟ್ಟು, ಯಂತ್ರದ ಮೂಲಕ ರಕ್ತ ಹಾಯಿಸಿ ಸ್ಟೆಮ್ ಸೆಲ್ ತೆಗೆಯುತ್ತಾರೆ.

ಇತ್ತ ರೋಗಿಗೆ ಕೆಲವು ದಿನ ಫ್ಲುಡಾರಬಿನ್, ಜೊತೆಗೆ ಬುಸಲ್ಫಾನ್ ಅಥವಾ ಮೆಲ್ಫಲಾನ್. ಆಮೇಲೆ ‘ಡೇ ಜೀರೋ’, ಅಂದರೆ ಕಸಿಯ ದಿನ. ಆಪರೇಷನ್ ಏನೂ ಇಲ್ಲ. ರಕ್ತದ ಬಾಟಲಿಯಂಥದ್ದೇ ಒಂದು ಚೀಲ, ಎದೆಯ ನಳಿಕೆಯಿಂದ ಹನಿಹನಿಯಾಗಿ ಇಳಿಯುತ್ತದೆ. ‘ಇಷ್ಟೇನಾ?’ ಅನ್ನಿಸುತ್ತದೆ.

ಇಷ್ಟೇ ಅಲ್ಲ. ಕಡಿಮೆ ಡೋಸ್‌ಗೆ ಕ್ಯಾನ್ಸರ್ ಪೂರ್ತಿ ಸಾಯುವುದಿಲ್ಲ. ಔಷಧಿ ಜಾಗ ಮಾಡಿಕೊಡುತ್ತದೆ, ಉಳಿದ ಕಳೆ ಕೀಳುವುದು ದಾನಿಯ ಜೀವಕೋಶಗಳು. ಅದಕ್ಕೇ ಡೋಸ್‌ನ ಕಾಟ ಕಡಿಮೆಯಾದರೂ ರೋಗ ಮರಳುವ ಭಯ ಇಲ್ಲಿ ಜಾಸ್ತಿ. ಆ ಜೀವಕೋಶಗಳು ಕಳೆಯ ಜೊತೆ ಬೆಳೆಗೂ, ಅಂದರೆ ರೋಗಿಯ ಸ್ವಂತ ಮೈಗೂ, ಕೈ ಹಾಕಿದರೆ ಅದೇ ಜಿವಿಎಚ್‌ಡಿ ಎಂಬ ತೊಂದರೆ: ಚರ್ಮದಲ್ಲಿ ದದ್ದು, ಭೇದಿ, ಕಾಮಾಲೆ. ತಡೆಯಲು ಸೈಕ್ಲೋಸ್ಪೋರಿನ್‌ನಂಥ ಮಾತ್ರೆ. ಅದರ ಜೊತೆ ಚಕ್ಕೋತ ಬೇಡ, ರಕ್ತದಲ್ಲಿ ಔಷಧಿಯ ಮಟ್ಟ ಏರಬಹುದು.

ಹೊಸ ಮಜ್ಜೆ ಚಿಗುರಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ. ದಾನಿಯ ಪಾಲು ಎಷ್ಟಾಯಿತೆಂದು ಕೈಮರಿಸಂ ಪರೀಕ್ಷೆ ಹೇಳುತ್ತದೆ. ಮೊದಲ 100 ದಿನ ಆಸ್ಪತ್ರೆಯ ಹತ್ತಿರವೇ ಮನೆ ಮಾಡಿಕೊಳ್ಳುವುದು ಲೇಸು. ಸಣ್ಣ ಜ್ವರ ಬಂದರೂ ರಾತ್ರೋರಾತ್ರಿ ಓಡಬೇಕಾಗುತ್ತದೆ.

ಸೋಂಕಿನ ಭಯದಿಂದ ಊಟಕ್ಕೂ ಪಥ್ಯ, ನಮ್ಮ ಕಡೆ ಅದರದ್ದೇ ದೊಡ್ಡ ತಕರಾರು. ರೊಟ್ಟಿ ತಿನ್ನಬಹುದು, ಆದರೆ ಪಕ್ಕದ ಹಸಿ ಮೆಂತ್ಯೆ, ಉಳ್ಳಾಗಡ್ಡಿ ಬೇಡ. ಗಾಡಿಯ ಮೇಲಿನ ಗಿರ್ಮಿಟ್ ಕೇಳಲೇಬೇಡಿ. ಊರಿಗೆ ಮರಳಿದ ಮೇಲೂ ತಿಪ್ಪೆ ಕೆದರುವುದು, ಹೊಟ್ಟು ತೂರುವುದು ಬೇರೆಯವರ ಪಾಲಿಗಿರಲಿ. ಆ ದೂಳಿನ ಬೂಷ್ಟು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ.